ಸಂದೇಹದಿಂದ ಅರಿವಿಗೆ: ಜಾನ್ ಡ್ಯೂಯಿ ಅವರ ಬದುಕು ಮತ್ತು ಜ್ಞಾನವಿಚಾರ

ಶಿಕ್ಷಣದ ತಾತ್ವಿಕ ತಳಹದಿಗಳನ್ನು ಓದುವ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಗೂ ಜಾನ್ ಡ್ಯೂಯಿ ಅವರ ಹೆಸರು ಪರಿಚಿತ. ಆದರ್ಶವಾದ, ನಿಸರ್ಗವಾದಗಳ ನಂತರ ವ್ಯವಹಾರವಾದ ಎಂಬ ತಲೆಬರಹ ಬರುತ್ತದೆ. ಅದರ ಕೆಳಗೆ ಡ್ಯೂಯಿ ಅವರ ಹೆಸರು, ಮಾಡಿ ಕಲಿಯುವ ತತ್ವ, ಯೋಜನಾ ಪದ್ಧತಿ, ಶಾಲೆಯೆಂದರೆ ಪುಟ್ಟ ಸಮಾಜ ಎಂಬ ಮಾತು. ಇಷ್ಟನ್ನು ಅಂಶಗಳಾಗಿ ಬರೆದರೆ ಪರೀಕ್ಷೆಯ ಮಟ್ಟಿಗೆ ಉತ್ತರ ಮುಗಿಯುತ್ತದೆ. ಆದರೆ ಡ್ಯೂಯಿ ಅವರು ತಮ್ಮ ದೀರ್ಘ ಬದುಕಿನುದ್ದಕ್ಕೂ ಬೆನ್ನು ಹತ್ತಿದ ಪ್ರಶ್ನೆ ಈ ಸೂತ್ರಗಳಿಗಿಂತ ಹಿಂದಿನದು. ಒಬ್ಬ ವ್ಯಕ್ತಿಗೆ ಒಂದು ವಿಷಯ ತಿಳಿದಿದೆ ಎಂದು ನಾವು ಯಾವಾಗ ಹೇಳಬಹುದು? ತಿಳಿಯುವುದೆಂದರೆ ಏನು ನಡೆಯುವುದು? ಜ್ಞಾನಮೀಮಾಂಸೆಯ ಈ ಪ್ರಶ್ನೆಗೆ ಅವರು ಕೊಟ್ಟ ಉತ್ತರದಿಂದಲೇ ಅವರ ಶಿಕ್ಷಣ ವಿಚಾರಗಳೆಲ್ಲ ಹುಟ್ಟಿದವು. ಆ ಉತ್ತರ ಅವರಿಗೆ ಗ್ರಂಥಾಲಯದಲ್ಲಿ ಕುಳಿತು ಮಾತ್ರ ದೊರೆತದ್ದಲ್ಲ. ಅದರಲ್ಲಿ ಒಂದು ಶಾಲೆಯ ಪಾಲೂ ಇದೆ. ಹಾಗಾಗಿ ಅವರ ಬದುಕನ್ನು ಈ ಪ್ರಶ್ನೆಯ ಜಾಡಿನಲ್ಲಿ ಓದುವುದು ಅಭ್ಯಾಸ ಬೋಧನೆಗೆ ಹೊರಡುವ ನಮಗೆ ಉಪಯುಕ್ತ.

ಬಾಲ್ಯ ಮತ್ತು ಮೊದಲ ಓದು

ಡ್ಯೂಯಿ ಅವರು ಹುಟ್ಟಿದ್ದು 1859ರ ಅಕ್ಟೋಬರ್ 20ರಂದು, ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ಎಂಬ ಊರಿನಲ್ಲಿ. ತಂದೆ ಆರ್ಚಿಬಾಲ್ಡ್ ದಿನಸಿ ಅಂಗಡಿ ನಡೆಸುತ್ತಿದ್ದವರು. ಅಂತರ್ಯುದ್ಧ ಬಂದಾಗ ಸೈನ್ಯ ಸೇರಿದರು. ತಾಯಿ ಲುಸಿನಾ ಗಾಢ ದೈವಭಕ್ತೆ. ಮಕ್ಕಳು ಕಾಲೇಜು ಓದಬೇಕೆಂಬ ಹಟ ತಾಯಿಯದು. ಹುಡುಗ ಜಾನ್ ನಾಚಿಕೆ ಸ್ವಭಾವದವನು. ಶಾಲೆಯ ಪಾಠ ಅವನಿಗೆ ಕಷ್ಟವಾಗಿರಲಿಲ್ಲ, ಆದರೆ ರುಚಿಸುತ್ತಲೂ ಇರಲಿಲ್ಲ. ಪತ್ರಿಕೆ ಹಂಚುವುದು, ಮರದ ದಿಮ್ಮಿಗಳ ಲೆಕ್ಕ ಬರೆಯುವುದು, ಹತ್ತಿರದ ಸರೋವರ ಮತ್ತು ಕಾಡಿನಲ್ಲಿ ಅಲೆಯುವುದು ಇವೇ ಅವನಿಗೆ ಹೆಚ್ಚು ಕಲಿಸಿದವು. ಶಾಲೆಯ ಹೊರಗೆ ಸಹಜವಾಗಿ ನಡೆಯುವ ಕಲಿಕೆಗೂ ಶಾಲೆಯೊಳಗಿನ ಒಪ್ಪಿಸುವ ಪಾಠಕ್ಕೂ ಇರುವ ಅಂತರವನ್ನು ಅವರು ಮುಂದೆ ವಿವರಿಸಿದಾಗ ಅದರ ಹಿಂದೆ ಈ ಬಾಲ್ಯವಿತ್ತು.

ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಅವರ ಕೈಗೆ ಹಕ್ಸ್‌ಲಿ ಬರೆದ ಶರೀರಶಾಸ್ತ್ರದ ಪಠ್ಯಪುಸ್ತಕ ಬಂತು. ಜೀವಿಯ ಒಂದೊಂದು ಅಂಗವೂ ಇನ್ನೊಂದನ್ನು ಅವಲಂಬಿಸಿ ಕೆಲಸ ಮಾಡುತ್ತದೆ, ಇಡೀ ಜೀವಿ ತನ್ನ ಪರಿಸರದೊಡನೆ ಸದಾ ಕೊಡುಕೊಳ್ಳುವಿಕೆಯಲ್ಲಿರುತ್ತದೆ ಎಂಬ ಚಿತ್ರ ಆ ತರುಣನನ್ನು ಹಿಡಿದು ನಿಲ್ಲಿಸಿತು. ಡ್ಯೂಯಿ ಹುಟ್ಟಿದ ವರ್ಷವೇ ಡಾರ್ವಿನ್ನರ ಜೀವಿಗಳ ಉಗಮ ಕುರಿತ ಗ್ರಂಥ ಪ್ರಕಟವಾಗಿತ್ತು. ಮನಸ್ಸು ಕೂಡ ಜೀವಿಯೊಂದು ಬದುಕುವ ರೀತಿಯ ಭಾಗವೇ ಆಗಿರಬಹುದಲ್ಲವೇ ಎಂಬ ವಿಚಾರ ಅವರಲ್ಲಿ ಬಲಿಯಲು ಇನ್ನೂ ಹಲವು ವರ್ಷ ಬೇಕಾದವು.

1879ರಲ್ಲಿ ಪದವಿ ಮುಗಿಸಿದ ಮೇಲೆ ಅವರು ಕೈಹಿಡಿದದ್ದು ನಮ್ಮ ವೃತ್ತಿಯನ್ನೇ. ಪೆನ್ಸಿಲ್ವೇನಿಯಾದ ಆಯಿಲ್ ಸಿಟಿ ಎಂಬ ಊರಿನ ಪ್ರೌಢಶಾಲೆಯಲ್ಲಿ ಎರಡು ವರ್ಷ ಪಾಠ ಮಾಡಿದರು. ನಂತರ ವರ್ಮಾಂಟಿನ ಹಳ್ಳಿ ಶಾಲೆಯೊಂದರಲ್ಲಿ ಕೆಲ ಕಾಲ ಶಿಕ್ಷಕರಾಗಿದ್ದರು. ಬಿಡುವಿನಲ್ಲಿ ತತ್ವಶಾಸ್ತ್ರ ಓದುತ್ತ, ಬರೆದ ಲೇಖನವೊಂದನ್ನು ಆ ಕಾಲದ ತತ್ವಶಾಸ್ತ್ರ ಪತ್ರಿಕೆಯ ಸಂಪಾದಕರಾಗಿದ್ದ ಡಬ್ಲ್ಯು. ಟಿ. ಹ್ಯಾರಿಸ್ ಅವರಿಗೆ ಕಳುಹಿಸಿದರು. ಅದು ಪ್ರಕಟವಾದದ್ದು ಅವರಿಗೆ ಧೈರ್ಯ ಕೊಟ್ಟಿತು. ಚಿಕ್ಕಮ್ಮನಿಂದ 500 ಡಾಲರ್ ಸಾಲ ಪಡೆದು 1882ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಸೇರಿದರು.

ಎರಡು ಹಳೆಯ ಉತ್ತರಗಳು

ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮೂವರು ಗುರುಗಳು ಅವರಿಗೆ ಸಿಕ್ಕಿದರು. ಜಾರ್ಜ್ ಮಾರಿಸ್ ಅವರಿಂದ ಹೆಗೆಲ್‌ನ ಆದರ್ಶವಾದ, ಸ್ಟ್ಯಾನ್ಲಿ ಹಾಲ್ ಅವರಿಂದ ಹೊಸ ಪ್ರಾಯೋಗಿಕ ಮನೋವಿಜ್ಞಾನ, ಚಾರ್ಲ್ಸ್ ಪರ್ಸ್ ಅವರಿಂದ ತರ್ಕಶಾಸ್ತ್ರ. ವ್ಯವಹಾರವಾದದ ಮೂಲಪುರುಷ ಈ ಪರ್ಸ್ ಅವರೇ. ಒಂದು ಪರಿಕಲ್ಪನೆಯ ಅರ್ಥವೇನೆಂದು ಸ್ಪಷ್ಟವಾಗಬೇಕಾದರೆ ಅದನ್ನು ಒಪ್ಪಿದರೆ ಅನುಭವದಲ್ಲಿ ಏನೇನು ಪರಿಣಾಮ ನಿರೀಕ್ಷಿಸಬೇಕು ಎಂದು ಕೇಳಬೇಕೆಂದು ಅವರು 1878ರಲ್ಲೇ ಬರೆದಿದ್ದರು. ಒಂದು ವಸ್ತು ಗಟ್ಟಿ ಎಂದರೆ ಏನು? ಬೇರೆ ಹಲವು ವಸ್ತುಗಳಿಂದ ಅದರ ಮೇಲೆ ಗೀರು ಬೀಳುವುದಿಲ್ಲ ಎಂದು. ಅಷ್ಟೇ ಅದರ ಅರ್ಥ. ವಿಚಿತ್ರವೆಂದರೆ, ಆಗ ಡ್ಯೂಯಿ ಅವರಿಗೆ ಪರ್ಸ್ ಅವರ ತರಗತಿ ಅಷ್ಟಾಗಿ ಹಿಡಿಸಲಿಲ್ಲ. ಅವರ ಮನಸ್ಸೆಲ್ಲ ಹೆಗೆಲ್ ಕಡೆಗಿತ್ತು. ಪರ್ಸ್ ಅವರ ಬೆಲೆ ಅವರಿಗೆ ಪೂರ್ತಿಯಾಗಿ ತಿಳಿದದ್ದು ಬಹಳ ವರ್ಷಗಳ ಮೇಲೆ.

ಆ ಕಾಲದ ತತ್ವಶಾಸ್ತ್ರದಲ್ಲಿ ಜ್ಞಾನದ ಬಗ್ಗೆ ಎರಡು ಪ್ರಬಲ ಉತ್ತರಗಳಿದ್ದವು. ಅನುಭವವಾದಿಗಳ ಪ್ರಕಾರ ಮನಸ್ಸು ಖಾಲಿ ಹಲಗೆ. ಇಂದ್ರಿಯಗಳ ಮೂಲಕ ಹೊರಜಗತ್ತು ಅದರ ಮೇಲೆ ಬರೆಯುತ್ತದೆ. ಬುದ್ಧಿವಾದಿಗಳ ಪ್ರಕಾರ ಇಂದ್ರಿಯಗಳನ್ನು ನಂಬುವಂತಿಲ್ಲ. ಶುದ್ಧ ಬುದ್ಧಿಯೇ ನಿಶ್ಚಿತ ಸತ್ಯವನ್ನು ಕಾಣುತ್ತದೆ. ಈ ಎರಡು ಪಕ್ಷಗಳು ಶತಮಾನಗಳ ಕಾಲ ವಾದಿಸಿದವು. ಡ್ಯೂಯಿ ಅವರಿಗೆ ಕ್ರಮೇಣ ಹೊಳೆದದ್ದೆಂದರೆ ಇಬ್ಬರೂ ಒಂದೇ ತಪ್ಪು ಕಲ್ಪನೆಯನ್ನು ಹಂಚಿಕೊಂಡಿದ್ದಾರೆ ಎಂಬುದು. ಇಬ್ಬರಿಗೂ ತಿಳಿಯುವವನೆಂದರೆ ನಾಟಕ ನೋಡುವ ಪ್ರೇಕ್ಷಕ. ಜಗತ್ತು ರಂಗದ ಮೇಲಿದೆ, ಅವನು ಕೆಳಗೆ ಕುಳಿತಿದ್ದಾನೆ. ಅವನು ನೋಡುವುದರಿಂದ ನಾಟಕದಲ್ಲಿ ಏನೂ ಬದಲಾಗುವುದಿಲ್ಲ. ಈ ಪ್ರೇಕ್ಷಕನ ಚಿತ್ರವನ್ನು ಒಡೆಯುವುದೇ ಡ್ಯೂಯಿ ಅವರ ಜೀವಮಾನದ ಕೆಲಸವಾಯಿತು.

ನಮ್ಮ ತರಗತಿ ಕೋಣೆಗಳನ್ನು ಒಮ್ಮೆ ನೆನೆಸಿಕೊಳ್ಳಿ. ಸಾಲಾಗಿ ಹಾಕಿದ ಬೆಂಚುಗಳು, ಎಲ್ಲ ಮುಖಗಳೂ ಕರಿಹಲಗೆಯ ಕಡೆಗೆ, ಮುಂದೆ ನಿಂತ ಶಿಕ್ಷಕ. ಇದು ಪ್ರೇಕ್ಷಾಗೃಹದ ಏರ್ಪಾಡೇ. ಜ್ಞಾನಮೀಮಾಂಸೆ ತತ್ವಶಾಸ್ತ್ರಜ್ಞರಿಗಷ್ಟೇ ಸಂಬಂಧಿಸಿದ್ದೆಂದು ಭಾವಿಸುವವರು ಗಮನಿಸಬೇಕು: ಬೆಂಚುಗಳನ್ನು ಜೋಡಿಸುವ ರೀತಿಯಲ್ಲೂ ಜ್ಞಾನದ ಒಂದು ಸಿದ್ಧಾಂತ ಅಡಗಿರುತ್ತದೆ.

ಮಗು ಮತ್ತು ಮೇಣದಬತ್ತಿ

1884ರಲ್ಲಿ ಪಿಎಚ್.ಡಿ. ಪಡೆದ ಡ್ಯೂಯಿ ಅವರು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಅಲ್ಲಿಯೇ ವಿದ್ಯಾರ್ಥಿನಿಯಾಗಿದ್ದ ಆಲಿಸ್ ಚಿಪ್‌ಮನ್ ಅವರನ್ನು 1886ರಲ್ಲಿ ಮದುವೆಯಾದರು. ಸಾಮಾಜಿಕ ಅನ್ಯಾಯಗಳ ಬಗ್ಗೆ ತೀಕ್ಷ್ಣ ಕಾಳಜಿಯಿದ್ದ ಆಲಿಸ್ ಪತಿಯ ತತ್ವಚಿಂತನೆಯನ್ನು ಗ್ರಂಥಗಳಿಂದ ಬದುಕಿನ ಕಡೆಗೆ ತಿರುಗಿಸಿದರು. 1890ರಲ್ಲಿ ವಿಲಿಯಂ ಜೇಮ್ಸ್ ಅವರ ಮನೋವಿಜ್ಞಾನದ ಮಹಾಗ್ರಂಥ ಬಂತು. ಆಲೋಚನೆಯೆಂಬುದು ಜೀವಿಯು ಬದುಕಲು ನಡೆಸುವ ಕ್ರಿಯೆ ಎಂಬ ಅದರ ದೃಷ್ಟಿ ಡ್ಯೂಯಿ ಅವರನ್ನು ಹೆಗೆಲ್‌ನಿಂದ ದೂರ ಸೆಳೆಯಿತು.

ಈ ಬದಲಾವಣೆಯ ಫಲ 1896ರಲ್ಲಿ ಪ್ರಕಟವಾದ ಒಂದು ಲೇಖನ. ಜೇಮ್ಸ್ ಅವರ ಗ್ರಂಥದಲ್ಲಿ ಒಂದು ಉದಾಹರಣೆ ಇತ್ತು. ಮಗು ಮೇಣದಬತ್ತಿಯ ಜ್ವಾಲೆಯನ್ನು ನೋಡುತ್ತದೆ, ಕೈ ಚಾಚುತ್ತದೆ, ಸುಟ್ಟುಕೊಂಡು ಕೈ ಹಿಂದೆಗೆಯುತ್ತದೆ. ಬೆಳಕು ಪ್ರಚೋದನೆ, ಕೈ ಚಾಚುವುದು ಪ್ರತಿಕ್ರಿಯೆ. ಸುಡುವುದು ಪ್ರಚೋದನೆ, ಹಿಂದೆಗೆಯುವುದು ಪ್ರತಿಕ್ರಿಯೆ ಎಂಬುದು ಅಂದಿನ ಸಾಮಾನ್ಯ ವಿವರಣೆ. ಡ್ಯೂಯಿ ಇದನ್ನು ಒಪ್ಪಲಿಲ್ಲ. ಮಗು ಸುಮ್ಮನೆ ಕುಳಿತಿದ್ದಾಗ ಬೆಳಕು ಬಂದು ಅದರ ಕಣ್ಣಿಗೆ ಬೀಳಲಿಲ್ಲ. ಮಗು ನೋಡುತ್ತಿತ್ತು, ಕತ್ತು ತಿರುಗಿಸುತ್ತಿತ್ತು, ಹುಡುಕುತ್ತಿತ್ತು. ನೋಡುವುದೇ ಒಂದು ಕ್ರಿಯೆ. ಕೈ ಸುಟ್ಟ ಮೇಲೆ ಆ ನೋಟವೇ ಬೇರೆಯಾಗುತ್ತದೆ. ಮೊದಲು ಬರಿಯ ಹೊಳಪಾಗಿ ಕಂಡದ್ದು ಈಗ ಮುಟ್ಟಿದರೆ ನೋಯಿಸುವ ಹೊಳಪಾಗಿ ಕಾಣುತ್ತದೆ. ಮಗುವಿಗೆ ಈಗ ಬೆಂಕಿಯ ಬಗ್ಗೆ ಒಂದು ಜ್ಞಾನ ಬಂದಿದೆ. ಆ ಜ್ಞಾನ ಎಲ್ಲಿದೆ? ತಲೆಯೊಳಗೆ ಇಟ್ಟ ಚಿತ್ರದಲ್ಲಿ ಅಲ್ಲ. ಮುಂದಿನ ಬಾರಿ ಜ್ವಾಲೆ ಕಂಡಾಗ ಮಗು ನಡೆದುಕೊಳ್ಳುವ ರೀತಿಯಲ್ಲಿ. ಮಾಡಿದ್ದಕ್ಕೂ ಅದರಿಂದ ಅನುಭವಿಸಿದ್ದಕ್ಕೂ ನಡುವೆ ಒಂದು ಸಂಬಂಧವನ್ನು ಅದು ಕಂಡುಕೊಂಡಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಡ್ಯೂಯಿ ಅವರ ದೃಷ್ಟಿಯಲ್ಲಿ ಬರಿಯ ಮಾಡುವಿಕೆ ಅನುಭವವಲ್ಲ. ಮಾಡಿದ್ದರಿಂದ ಏನಾಯಿತು ಎಂಬುದನ್ನು ಮಾಡಿದ್ದಕ್ಕೆ ಜೋಡಿಸಿದಾಗ ಮಾತ್ರ ಅದು ಅನುಭವವಾಗುತ್ತದೆ, ಅದರಿಂದ ಅರ್ಥ ಹುಟ್ಟುತ್ತದೆ. ಗುಂಪು ಚಟುವಟಿಕೆ ಮಾಡಿಸಿ, ಅದು ಏನನ್ನು ತೋರಿಸಿತು ಎಂದು ಕೇಳದೆ ಮುಂದಿನ ಅಂಶಕ್ಕೆ ಹೋದರೆ ಮಾಡಿ ಕಲಿತಂತಾಗುವುದಿಲ್ಲ. ಮಾಡಿದಂತಾಗುತ್ತದೆ, ಅಷ್ಟೆ.

ಷಿಕಾಗೊ ನಗರದ ಒಂದು ಶಾಲೆ

1894ರಲ್ಲಿ ಡ್ಯೂಯಿ ಅವರು ಷಿಕಾಗೊ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿ ತತ್ವಶಾಸ್ತ್ರ, ಮನೋವಿಜ್ಞಾನ ಮತ್ತು ಶಿಕ್ಷಣಶಾಸ್ತ್ರ ಮೂರೂ ಅವರ ಹೊಣೆಗೆ ಬಂದವು. ಭೌತವಿಜ್ಞಾನಕ್ಕೆ ಪ್ರಯೋಗಾಲಯವಿರುವಂತೆ ತತ್ವಶಾಸ್ತ್ರಕ್ಕೂ ಶಿಕ್ಷಣಶಾಸ್ತ್ರಕ್ಕೂ ಪ್ರಯೋಗಾಲಯ ಬೇಡವೇ? ಈ ಪ್ರಶ್ನೆಗೆ ಉತ್ತರವಾಗಿ 1896ರ ಜನವರಿಯಲ್ಲಿ ಒಂದು ಶಾಲೆ ತೆರೆಯಿತು. ಆರಂಭದಲ್ಲಿ ಇದ್ದದ್ದು 16 ಮಕ್ಕಳು. ಕೆಲವೇ ವರ್ಷಗಳಲ್ಲಿ ಸಂಖ್ಯೆ ಸುಮಾರು 140ಕ್ಕೆ ಏರಿತು. ಜ್ಞಾನದ ಬಗ್ಗೆ ತಮ್ಮ ಊಹೆ ನಿಜವಾದರೆ ಮಕ್ಕಳ ಕಲಿಕೆಯಲ್ಲಿ ಅದು ಕಾಣಬೇಕು, ಕಾಣದಿದ್ದರೆ ಊಹೆಯನ್ನೇ ತಿದ್ದಬೇಕು ಎಂಬುದು ಆ ಶಾಲೆಯ ಹಿಂದಿನ ಆಲೋಚನೆ.

ಶಾಲೆಗೆ ಬೇಕಾದ ಪೀಠೋಪಕರಣ ಹುಡುಕಲು ಡ್ಯೂಯಿ ಅವರು ನಗರದ ಅಂಗಡಿಗಳನ್ನು ಸುತ್ತಿದ ಪ್ರಸಂಗವನ್ನು ಅವರೇ ದಾಖಲಿಸಿದ್ದಾರೆ. ಮಕ್ಕಳು ಕೆಲಸ ಮಾಡಲು ಅನುಕೂಲವಾಗುವ ಮೇಜುಗಳು ಎಲ್ಲಿಯೂ ಸಿಗಲಿಲ್ಲ. ಕೊನೆಗೆ ಚುರುಕಾದ ಒಬ್ಬ ವ್ಯಾಪಾರಿ ತಮ್ಮಲ್ಲಿರುವುದೆಲ್ಲ ಕೇಳಿಸಿಕೊಳ್ಳಲು ಮಾಡಿದ ಮೇಜುಗಳೆಂದು ಹೇಳಿ ಸಮಸ್ಯೆಯ ಗಂಟನ್ನು ಒಂದೇ ಮಾತಿನಲ್ಲಿ ಬಿಚ್ಚಿಟ್ಟ.

ಆ ಶಾಲೆಯಲ್ಲಿ ಅಡುಗೆ, ಮರಗೆಲಸ, ನೂಲುವುದು, ನೇಯುವುದು ಪಾಠದ ಕೇಂದ್ರದಲ್ಲಿದ್ದವು. ಮಕ್ಕಳನ್ನು ಅಡುಗೆಯವರನ್ನಾಗಿ, ನೇಕಾರರನ್ನಾಗಿ ಮಾಡುವುದು ಉದ್ದೇಶವಾಗಿರಲಿಲ್ಲ. ಒಂದು ಉದಾಹರಣೆ ನೋಡಿ. ಮಕ್ಕಳಿಗೆ ಕಚ್ಚಾ ಹತ್ತಿ ಮತ್ತು ಕುರಿಯ ಉಣ್ಣೆಯನ್ನು ಕೊಡಲಾಯಿತು. ಉಣ್ಣೆಯ ಬಟ್ಟೆ ಬಹಳ ಹಿಂದೆಯೇ ಬಳಕೆಗೆ ಬಂದಿದ್ದರೂ ಹತ್ತಿಯ ಉದ್ಯಮ ಬೆಳೆಯಲು ಏಕೆ ತಡವಾಯಿತು ಎಂಬುದು ಪ್ರಶ್ನೆ. ಒಂದು ಗುಂಪಿನ ಮಕ್ಕಳು ಅರ್ಧ ಗಂಟೆ ಕುಳಿತು ಕೈಯಿಂದ ಹತ್ತಿಯ ಬೀಜ ಬಿಡಿಸಿದರು. ಸಿಕ್ಕಿದ ಅರಳೆ ಒಂದು ಔನ್ಸಿಗಿಂತ ಕಡಿಮೆ. ಹತ್ತಿಯ ಎಳೆಗಳು ಉಣ್ಣೆಯ ಎಳೆಗಳಿಗಿಂತ ಬಹಳ ಗಿಡ್ಡವೆಂಬುದನ್ನೂ ಅವರು ಬೆರಳಲ್ಲೇ ಕಂಡುಕೊಂಡರು. ಬೀಜ ಬಿಡಿಸುವ ಯಂತ್ರ ಏಕೆ ಬೇಕಾಯಿತು, ಅದು ಬಂದ ಮೇಲೆ ಜನರ ಉಡುಪು ಏಕೆ ಬದಲಾಯಿತು ಎಂಬ ಇತಿಹಾಸ ಆ ಮಕ್ಕಳಿಗೆ ಬಾಯಿಪಾಠ ಮಾಡಬೇಕಾದ ಮಾಹಿತಿಯಾಗಿ ಉಳಿಯಲಿಲ್ಲ. ಅವರಿಗೆ ಎದುರಾದ ತೊಡಕಿಗೆ ಮನುಷ್ಯಕುಲ ಕಂಡುಕೊಂಡ ಪರಿಹಾರವಾಗಿ ಅದು ಬಂತು. ಹತ್ತಿ ಬೆಳೆಯುವ ನಮ್ಮ ಜಿಲ್ಲೆಗಳಲ್ಲಿ ಈ ಪಾಠಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಪಠ್ಯವಿಷಯವನ್ನು ಡ್ಯೂಯಿ ಅವರು ಕಡೆಗಣಿಸಿದರೆಂಬ ಆಕ್ಷೇಪಕ್ಕೆ ಉತ್ತರವೂ ಇಲ್ಲಿಯೇ ಇದೆ. 1902ರ ಪುಟ್ಟ ಪುಸ್ತಕವೊಂದರಲ್ಲಿ ಅವರು ಪಠ್ಯಕ್ರಮವನ್ನು ಭೂಪಟಕ್ಕೆ ಹೋಲಿಸಿದರು. ಹಿಂದಿನವರು ನಡೆದಾಡಿ, ದಾರಿ ತಪ್ಪಿ, ಕಂಡುಕೊಂಡದ್ದರ ಸಾರ ಭೂಪಟದಲ್ಲಿರುತ್ತದೆ. ಅದನ್ನು ನೋಡಿದ ಮಾತ್ರಕ್ಕೆ ಪ್ರಯಾಣ ಮಾಡಿದಂತಾಗುವುದಿಲ್ಲ. ಹಾಗೆಂದು ಭೂಪಟ ಎಸೆದು ಹೊರಡುವುದೂ ಜಾಣತನವಲ್ಲ. ಮಗು ನಡೆಯಬೇಕು, ಶಿಕ್ಷಕರ ಕೈಯಲ್ಲಿ ಭೂಪಟವಿರಬೇಕು.

ಅಭ್ಯಾಸ ಬೋಧನೆಯ ಬಗ್ಗೆ ಅವರ ನಿಲುವು

ಶಿಕ್ಷಣದಲ್ಲಿ ಸಿದ್ಧಾಂತಕ್ಕೂ ಆಚರಣೆಗೂ ಇರುವ ಸಂಬಂಧವನ್ನು ಕುರಿತು 1904ರಲ್ಲಿ ಡ್ಯೂಯಿ ಅವರು ಬರೆದ ಲೇಖನ ನೇರವಾಗಿ ನಮಗೇ ಸಂಬಂಧಿಸಿದ್ದು. ಅಭ್ಯಾಸ ಬೋಧನೆಗೆ ಎರಡು ಬೇರೆ ಉದ್ದೇಶಗಳಿರಬಹುದೆಂದು ಅವರು ಅದರಲ್ಲಿ ತೋರಿಸಿದರು. ಮೊದಲನೆಯದು ಕಸುಬು ಕಲಿಯುವ ಶಿಷ್ಯನ ಮಾದರಿ: ತರಗತಿ ನಿಭಾಯಿಸುವ ಕೌಶಲ ಬೇಗ ಕೈಗೆ ಬರಬೇಕು. ಎರಡನೆಯದು ಪ್ರಯೋಗಾಲಯದ ಮಾದರಿ: ಮಕ್ಕಳ ಮನಸ್ಸು ಹೇಗೆ ಕೆಲಸ ಮಾಡುತ್ತದೆಂದು ನೋಡಬಲ್ಲ ಕಣ್ಣು ಬೆಳೆಯಬೇಕು. ಕೌಶಲ ಬೇಡವೆಂದು ಅವರು ಹೇಳಲಿಲ್ಲ. ಆದರೆ ಮೊದಲೇ ಕೌಶಲದ ಹಿಂದೆ ಬಿದ್ದವರು ತಕ್ಷಣಕ್ಕೆ ಚೆನ್ನಾಗಿ ಪಾಠ ಮಾಡಿದರೂ ವರ್ಷಗಳು ಕಳೆದಂತೆ ಬೆಳೆಯುವುದು ನಿಂತುಹೋಗುತ್ತದೆ ಎಂದು ಎಚ್ಚರಿಸಿದರು.

ಇದಕ್ಕೆ ಅವರು ಕೊಟ್ಟ ಕಾರಣ ಪ್ರತಿಯೊಬ್ಬ ಮೇಲ್ವಿಚಾರಕರೂ ಗಮನಿಸಬೇಕಾದದ್ದು. ಮಕ್ಕಳಲ್ಲಿ ಗಮನ ಎರಡು ಬಗೆಯದು. ಹೊರಗಮನವೆಂದರೆ ಶಿಕ್ಷಕರ ಕಡೆಗೆ ಮುಖ ಮಾಡಿ, ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸಿ, ಶಿಸ್ತಿನಿಂದ ಕುಳಿತಿರುವುದು. ಒಳಗಮನವೆಂದರೆ ವಿಷಯದೊಳಗೆ ಮನಸ್ಸು ನಿಜವಾಗಿ ತೊಡಗಿರುವುದು. ಮೊದಲನೆಯದು ಕಣ್ಣಿಗೆ ಕಾಣುತ್ತದೆ, ಎರಡನೆಯದು ಕಾಣುವುದಿಲ್ಲ. ಎರಡನೆಯದು ಇಲ್ಲದೆಯೇ ಮೊದಲನೆಯದನ್ನು ತೋರಿಸಲು ಮಕ್ಕಳು ಬೇಗ ಕಲಿತುಬಿಡುತ್ತಾರೆ. ಹೊಸ ಶಿಕ್ಷಕರಿಗೆ ತರಗತಿ ಗದ್ದಲವಾದೀತೆಂಬ ಆತಂಕ, ಹಿಂದಿನ ಬೆಂಚಿನಲ್ಲಿ ಅಂಕ ಹಾಕುತ್ತ ಕುಳಿತವರ ಭಯ. ಹಾಗಾಗಿ ಅವರ ಲಕ್ಷ್ಯವೆಲ್ಲ ಹೊರಗಮನದ ಮೇಲೆ ನಿಲ್ಲುತ್ತದೆ. ಅಂಥವರು ಕ್ರಮೇಣ ಮಗುವಿಗೆ ತಿಳಿಯಿತೇ ಎಂದು ನೋಡುವ ಶಕ್ತಿಯನ್ನೇ ಕಳೆದುಕೊಳ್ಳಬಹುದು. ಪ್ರೇಕ್ಷಕ ಸಿದ್ಧಾಂತದ ಪ್ರಕಾರ ಸುಮ್ಮನೆ ನೋಡುತ್ತ ಕುಳಿತ ಮಗುವಿಗೆ ಜ್ಞಾನ ಬರುತ್ತಿರಬೇಕು. ಡ್ಯೂಯಿ ಅವರ ಪ್ರಕಾರ ಅದನ್ನು ಹಾಗೆ ಊಹಿಸಿಕೊಳ್ಳಲು ನಮಗೆ ಯಾವ ಆಧಾರವೂ ಇಲ್ಲ.

ಅದೇ 1904ರಲ್ಲಿ ಅವರ ಶಾಲೆ ಅವರ ಕೈತಪ್ಪಿತು. ಮತ್ತೊಂದು ಶಾಲೆಯೊಡನೆ ವಿಲೀನವಾದ ಮೇಲೆ ಆಲಿಸ್ ಅವರ ಪ್ರಾಂಶುಪಾಲ ಹುದ್ದೆಯ ಬಗ್ಗೆ ವಿಶ್ವವಿದ್ಯಾಲಯದ ಅಧ್ಯಕ್ಷ ಹಾರ್ಪರ್ ಅವರೊಡನೆ ಮನಸ್ತಾಪ ಬೆಳೆಯಿತು. ಪತಿಪತ್ನಿ ಇಬ್ಬರೂ ರಾಜೀನಾಮೆ ಕೊಟ್ಟರು. ಆ ವರ್ಷವೇ ಯುರೋಪ್ ಪ್ರವಾಸದಲ್ಲಿ ಮಗ ಗಾರ್ಡನ್ ವಿಷಮಶೀತ ಜ್ವರದಿಂದ ತೀರಿಕೊಂಡ. ಒಂಬತ್ತು ವರ್ಷ ಹಿಂದೆ ಇಟಲಿಯಲ್ಲಿ ಇನ್ನೊಬ್ಬ ಮಗ ಮಾರಿಸ್ ಗಂಟಲಮಾರಿಗೆ ಬಲಿಯಾಗಿದ್ದ. ಮಕ್ಕಳ ಮನಸ್ಸಿನ ಬಗ್ಗೆ ಇಷ್ಟೊಂದು ಬರೆದ ಆ ದಂಪತಿ ಎರಡು ಮಕ್ಕಳನ್ನು ಪರದೇಶದಲ್ಲಿ ಕಳೆದುಕೊಂಡಿದ್ದರು. ಗಾರ್ಡನ್ ಹೋದ ಮೇಲೆ ಇಟಲಿಯಲ್ಲಿ ಸಬೀನೊ ಎಂಬ ಬಾಲಕನನ್ನು ಅವರು ದತ್ತು ಪಡೆದರು. ನಂತರ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡ್ಯೂಯಿ ಅವರ ಹೊಸ ಬದುಕು ಆರಂಭವಾಯಿತು.

ಲೋಟದ ಬಾಯಲ್ಲಿ ಗುಳ್ಳೆಗಳು

ಕೊಲಂಬಿಯಾದಲ್ಲಿದ್ದಾಗ 1910ರಲ್ಲಿ ಡ್ಯೂಯಿ ಅವರು ನಾವು ಆಲೋಚಿಸುವ ಬಗೆಯನ್ನು ಕುರಿತು ಶಿಕ್ಷಕರಿಗಾಗಿಯೇ ಒಂದು ಪುಸ್ತಕ ಬರೆದರು. ಅದರಲ್ಲಿ ಬರುವ ಒಂದು ಉದಾಹರಣೆ ಅಡುಗೆಮನೆಯದು. ಒಬ್ಬರು ಗಾಜಿನ ಲೋಟಗಳನ್ನು ಬಿಸಿ ಸಾಬೂನು ನೀರಿನಲ್ಲಿ ತೊಳೆದು ತಟ್ಟೆಯ ಮೇಲೆ ಬೋರಲಾಗಿ ಇಡುತ್ತಾರೆ. ಲೋಟದ ಬಾಯಿಯ ಹೊರಗೆ ಗುಳ್ಳೆಗಳು ಏಳುತ್ತವೆ. ಸ್ವಲ್ಪ ಹೊತ್ತಿಗೆ ಅವು ಒಳಗೆ ಸೇರಿಕೊಳ್ಳುತ್ತವೆ. ಏಕೆ? ಗುಳ್ಳೆ ಎಂದರೆ ಗಾಳಿ. ಅದು ಲೋಟದ ಒಳಗಿನಿಂದಲೇ ಬಂದಿರಬೇಕು. ಲೋಟ ಎತ್ತಿ ಇಡುವಾಗ ಒಳಹೊಕ್ಕ ತಣ್ಣನೆಯ ಗಾಳಿ ಬಿಸಿ ಗಾಜಿನಿಂದ ಕಾದು ಹಿಗ್ಗಿರಬಹುದು. ಹಾಗಿದ್ದರೆ ತಣ್ಣನೆಯ ಗಾಳಿ ಒಳಹೋಗದಂತೆ ಲೋಟ ಇಟ್ಟಾಗ ಗುಳ್ಳೆ ಹೊರಗೆ ಬರಬಾರದು. ಪರೀಕ್ಷಿಸಿದರೆ ಬರುವುದಿಲ್ಲ. ಹಾಗಿದ್ದರೆ ಲೋಟ ಆರಿದಾಗ ಗಾಳಿ ಕುಗ್ಗಿ ಗುಳ್ಳೆ ಒಳಗೆ ಹೋಗಬೇಕು. ಲೋಟದ ಮೇಲೆ ಮಂಜುಗಡ್ಡೆ ಇಟ್ಟರೆ ಗುಳ್ಳೆ ಥಟ್ಟನೆ ಒಳಸರಿಯುತ್ತದೆ.

ಇಂಥ ಉದಾಹರಣೆಗಳಿಂದ ಅವರು ಪೂರ್ಣ ಆಲೋಚನೆಯಲ್ಲಿ ಐದು ಘಟ್ಟಗಳನ್ನು ಗುರುತಿಸಿದರು. ಏನೋ ತೊಡಕಿದೆ ಎಂಬ ಅನಿಸಿಕೆ, ಆ ತೊಡಕು ಎಲ್ಲಿದೆ ಏನೆಂದು ನಿಖರಗೊಳಿಸುವುದು, ಸಾಧ್ಯವಾದ ಒಂದು ಪರಿಹಾರ ಹೊಳೆಯುವುದು, ಅದು ನಿಜವಾದರೆ ಮತ್ತೇನೇನು ಆಗಬೇಕೆಂದು ತರ್ಕಿಸುವುದು, ಮತ್ತೆ ವೀಕ್ಷಣೆ ಪ್ರಯೋಗಗಳಿಂದ ಅದನ್ನು ಒಪ್ಪುವುದು ಅಥವಾ ಕೈಬಿಡುವುದು. ನಮ್ಮ ಸಮಸ್ಯಾ ಪರಿಹಾರ ವಿಧಾನದ ಹಂತಗಳೆಲ್ಲ ಇಲ್ಲಿಂದ ಬಂದವು. ಆದರೆ ಇವನ್ನು ಪಾಠಯೋಜನೆಯ ಐದು ಕೋಷ್ಟಕಗಳನ್ನಾಗಿ ಮಾಡಿಬಿಟ್ಟವರಿಗೆ ಉತ್ತರವೆಂಬಂತೆ, 1933ರ ಪರಿಷ್ಕೃತ ಮುದ್ರಣದಲ್ಲಿ ಈ ಘಟ್ಟಗಳು ಇದೇ ಕ್ರಮದಲ್ಲಿ ಬರಬೇಕೆಂದಿಲ್ಲವೆಂದು ಅವರು ಸ್ಪಷ್ಟಪಡಿಸಿದರು. ಬದಲಾಗದೆ ಉಳಿಯುವುದು ಆರಂಭ ಮತ್ತು ಅಂತ್ಯ: ಆರಂಭದಲ್ಲಿ ನಿಜವಾದ ಸಂದೇಹವಿರಬೇಕು, ಕೊನೆಯಲ್ಲಿ ಆ ಸಂದೇಹ ಪರೀಕ್ಷೆಗೊಳಪಟ್ಟು ಬಗೆಹರಿಯಬೇಕು. ಈ ಎರಡರ ನಡುವಿನ ಕೆಲಸವೇ ತಿಳಿಯುವುದು.

ಉಪಯೋಗವಾದದ್ದೆಲ್ಲ ಸತ್ಯವೇ?

ವ್ಯವಹಾರವಾದದ ಬಗ್ಗೆ ಹೆಚ್ಚಾಗಿ ಕೇಳಿಬರುವ ತಕರಾರು ಇದು: ಉಪಯೋಗಕ್ಕೆ ಬಂದದ್ದೇ ಸತ್ಯವೆಂದರೆ ಅನುಕೂಲವಾದ ಸುಳ್ಳೂ ಸತ್ಯವಾಗಬೇಕಲ್ಲ? ವಿಲಿಯಂ ಜೇಮ್ಸ್ ಅವರ ಕೆಲವು ಮಾತುಗಳು ಈ ಅಪಾರ್ಥಕ್ಕೆ ಎಡೆ ಮಾಡಿದ್ದವು. ಬೇಸತ್ತ ಪರ್ಸ್ ಅವರು ತಮ್ಮ ಸಿದ್ಧಾಂತದ ಹೆಸರನ್ನೇ ತುಸು ಬದಲಿಸಿಕೊಂಡರು. ಬರ್ಟ್ರಂಡ್ ರಸೆಲ್ ಅವರಂತೂ ಡ್ಯೂಯಿ ಅವರನ್ನು ಈ ವಿಷಯದಲ್ಲಿ ಪದೇ ಪದೇ ಟೀಕಿಸಿದರು.

ಡ್ಯೂಯಿ ಅವರ ಉತ್ತರ ಹೀಗಿತ್ತು. ಒಂದು ಊಹೆ ಕೆಲಸ ಮಾಡಿತು ಎಂದರೆ ಅದು ನನಗೆ ಸಮಾಧಾನ ಕೊಟ್ಟಿತು ಅಥವಾ ಲಾಭ ತಂದಿತು ಎಂದಲ್ಲ. ಯಾವ ಸಮಸ್ಯೆಯಿಂದ ಅದು ಹುಟ್ಟಿತೋ ಆ ಸಮಸ್ಯೆಯನ್ನು ಅದು ಬಗೆಹರಿಸಬೇಕು. ಅದರಿಂದ ನಿರೀಕ್ಷಿಸಿದ ಪರಿಣಾಮಗಳು ಯಾರು ಪರೀಕ್ಷಿಸಿದರೂ ಕಾಣುವಂತಿರಬೇಕು. ಮಗು ಉತ್ತರಪತ್ರಿಕೆ ನಕಲು ಮಾಡಿ ತೇರ್ಗಡೆಯಾದರೆ ಆ ಉತ್ತರ ಅದಕ್ಕೆ ಉಪಯೋಗವಾಯಿತು. ಆದರೆ ಅದು ಜ್ಞಾನವಲ್ಲ. ಲೆಕ್ಕದ ತೊಡಕು ಅದರಿಂದ ಬಗೆಹರಿಯಲಿಲ್ಲ. ತಮ್ಮ ಎಂಬತ್ತರ ಹೊಸ್ತಿಲಲ್ಲಿ, 1938ರಲ್ಲಿ ಪ್ರಕಟಿಸಿದ ತರ್ಕಶಾಸ್ತ್ರದ ಗ್ರಂಥದಲ್ಲಿ ಅವರು ಸತ್ಯ ಎಂಬ ಪದದ ಬದಲು ಆಧಾರಸಹಿತವಾಗಿ ಹೇಳಬಹುದಾದದ್ದು ಎಂಬ ಅರ್ಥದ ಮಾತನ್ನು ಮುಂದಿಟ್ಟರು. ಶೋಧನೆ ನಡೆದು ದೊರೆತ ಆಧಾರ ಇಂದು ಇಷ್ಟನ್ನು ಹೇಳಲು ಹಕ್ಕು ಕೊಡುತ್ತದೆ. ನಾಳೆ ಹೊಸ ಪುರಾವೆ ಬಂದರೆ ಅದನ್ನು ಮತ್ತೆ ಪರಿಶೀಲಿಸಲು ಸಿದ್ಧರಿರಬೇಕು. ಕೊನೆಯಿಲ್ಲದ ನಿಶ್ಚಿತತೆಯ ಹಂಬಲವನ್ನೇ ಅವರು 1929ರ ಗ್ರಂಥವೊಂದರಲ್ಲಿ ವಿಮರ್ಶೆಗೆ ಒಳಪಡಿಸಿದ್ದರು.

ಈ ನಿಲುವನ್ನು ಅವರು ತಮ್ಮ ಬದುಕಿಗೂ ಅನ್ವಯಿಸಬೇಕಾಗಿ ಬಂತು. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಅವರು ಅದನ್ನು ಬೆಂಬಲಿಸಿದರು. ಯುದ್ಧದಿಂದ ಪ್ರಜಾಪ್ರಭುತ್ವ ಬಲಗೊಳ್ಳಬಹುದೆಂದು ಭಾವಿಸಿದ್ದರು. ಅವರದೇ ಶಿಷ್ಯರಾಗಿದ್ದ ರಾಂಡಾಲ್ಫ್ ಬೋರ್ನ್ ಎಂಬ ತರುಣ ಲೇಖಕ ಗುರುವಿನ ತತ್ವವನ್ನೇ ಹಿಡಿದು ಗುರುವನ್ನು ಕಟುವಾಗಿ ಪ್ರಶ್ನಿಸಿದರು. ಯುದ್ಧದ ಫಲ ಡ್ಯೂಯಿ ನಿರೀಕ್ಷಿಸಿದಂತೆ ಬರಲಿಲ್ಲ. ನಂತರದ ದಶಕದಲ್ಲಿ ಯುದ್ಧವನ್ನೇ ಕಾನೂನುಬಾಹಿರವೆಂದು ಘೋಷಿಸಬೇಕೆಂಬ ಚಳವಳಿಗೆ ಅವರು ದನಿಗೂಡಿಸಿದರು. 1928ರಲ್ಲಿ ಸೋವಿಯತ್ ಒಕ್ಕೂಟದ ಶಾಲೆಗಳನ್ನು ನೋಡಿ ಮೆಚ್ಚಿ ಬರೆದಿದ್ದವರು, 1937ರಲ್ಲಿ ಮೆಕ್ಸಿಕೊಗೆ ಹೋಗಿ ಟ್ರಾಟ್ಸ್ಕಿಯವರ ಮೇಲೆ ಮಾಸ್ಕೊ ಹೊರಿಸಿದ್ದ ಆರೋಪಗಳ ವಿಚಾರಣಾ ಆಯೋಗದ ಅಧ್ಯಕ್ಷತೆ ವಹಿಸಿದರು. ಅವರು ಟ್ರಾಟ್ಸ್ಕಿ ಅನುಯಾಯಿಯಲ್ಲ. ಆದರೂ ಆರೋಪಗಳಿಗೆ ಆಧಾರವಿಲ್ಲವೆಂದು ಆಯೋಗ ತೀರ್ಮಾನಿಸಿತು. ತಮ್ಮ ಕಟು ಟೀಕಾಕಾರರಾದ ರಸೆಲ್ ಅವರ ನೇಮಕವನ್ನು 1940ರಲ್ಲಿ ನ್ಯೂಯಾರ್ಕಿನಲ್ಲಿ ರದ್ದುಪಡಿಸಿದಾಗಲೂ ಡ್ಯೂಯಿ ಅವರ ಪರವಾಗಿ ನಿಂತರು. ಶೋಧನೆ ಮುಂದುವರಿಯಬೇಕಾದರೆ ಭಿನ್ನಮತದವರಿಗೂ ಬಾಯಿ ಇರಬೇಕು ಎಂಬುದು ಅವರ ಜ್ಞಾನಸಿದ್ಧಾಂತದಿಂದಲೇ ಬಂದ ನಿಲುವು.

ಭಾರತದ ಒಂದು ಕೊಂಡಿ

ಜ್ಞಾನ ಎಲ್ಲರೂ ಕೂಡಿ ನಡೆಸುವ ಶೋಧನೆಯಾದರೆ ಒಬ್ಬರ ಅನುಭವ ಇನ್ನೊಬ್ಬರಿಗೆ ತಲುಪದಂತೆ ಗೋಡೆ ಕಟ್ಟಿದ ಸಮಾಜ ತನ್ನ ಅರಿವನ್ನೇ ಕುಂಠಿತಗೊಳಿಸಿಕೊಳ್ಳುತ್ತದೆ. 1916ರಲ್ಲಿ ಪ್ರಕಟವಾದ ಪ್ರಜಾಪ್ರಭುತ್ವ ಮತ್ತು ಶಿಕ್ಷಣ ಕುರಿತ ಗ್ರಂಥದ ತಿರುಳು ಇದು. ಈ ವಿಚಾರವನ್ನು ತರಗತಿಯಲ್ಲಿ ಕೇಳಿದವರಲ್ಲಿ ನಮ್ಮವರೇ ಆದ ಒಬ್ಬರಿದ್ದರು. 1913ರಿಂದ 1916ರವರೆಗೆ ಕೊಲಂಬಿಯಾದಲ್ಲಿ ಓದಿದ ಡಾ. ಬಿ. ಆರ್. ಅಂಬೇಡ್ಕರ್ ಅವರು ಡ್ಯೂಯಿ ಅವರ ಪಾಠಗಳಿಗೆ ಹಾಜರಾದರು. 1936ರಲ್ಲಿ ಜಾತಿವಿನಾಶ ಕುರಿತು ಅವರು ಪ್ರಕಟಿಸಿದ ಭಾಷಣದಲ್ಲಿ ತಮ್ಮ ಈ ಗುರುವನ್ನು ಕೃತಜ್ಞತೆಯಿಂದ ನೆನೆದಿದ್ದಾರೆ. ಹಳೆಯದೆಂಬ ಕಾರಣಕ್ಕೆ ಯಾವುದನ್ನೂ ಉಳಿಸಿಕೊಳ್ಳಬೇಕಿಲ್ಲ, ಅದರ ಪರಿಣಾಮ ನೋಡಿ ಆರಿಸಿಕೊಳ್ಳಬೇಕೆಂಬ ನಿಲುವು ಅವರ ಕೈಯಲ್ಲಿ ಜಾತಿವ್ಯವಸ್ಥೆಯನ್ನು ಪರೀಕ್ಷಿಸುವ ಒರೆಗಲ್ಲಾಯಿತು.

ಡ್ಯೂಯಿ ಅವರು 1952ರ ಜೂನ್ 1ರಂದು ನ್ಯೂಯಾರ್ಕಿನಲ್ಲಿ ನಿಧನರಾದರು. ಆಗ ಅವರಿಗೆ 92 ವರ್ಷ. ಅದೇ ತಿಂಗಳಲ್ಲಿ ಅಂಬೇಡ್ಕರ್ ಅವರು ಗೌರವ ಪದವಿ ಸ್ವೀಕರಿಸಲು ಕೊಲಂಬಿಯಾಕ್ಕೆ ಹೋಗಿದ್ದರು. ಗುರುಶಿಷ್ಯರ ಭೇಟಿಗೆ ಅವಕಾಶವಿರಲಿಲ್ಲ.

ನಮ್ಮ ಪಾಠಯೋಜನೆಗೆ ಇದರಿಂದ ಏನು?

ಡ್ಯೂಯಿ ಅವರ ಹೆಸರಿನಲ್ಲಿ ನಡೆದ ಪ್ರಗತಿಶೀಲ ಶಾಲೆಗಳು ಮಕ್ಕಳನ್ನು ಸುಮ್ಮನೆ ಅವರ ಪಾಡಿಗೆ ಬಿಟ್ಟಾಗ 1938ರಲ್ಲಿ ಅವರೇ ಅದನ್ನು ಖಂಡಿಸಿದರು. ಎಲ್ಲ ಅನುಭವವೂ ಶಿಕ್ಷಣವಲ್ಲ. ಮುಂದಿನ ಅನುಭವಕ್ಕೆ ದಾರಿ ತೆರೆಯುವುದು ಮಾತ್ರ ಶಿಕ್ಷಣವೆಂದು ಅವರು ವಾದಿಸಿದರು. ಆದ್ದರಿಂದ ಚಟುವಟಿಕೆಗಳ ಸಂಖ್ಯೆ ಹೆಚ್ಚಿಸುವುದು ಅವರನ್ನು ಅನುಸರಿಸುವ ದಾರಿಯಲ್ಲ.

ಪಾಠಯೋಜನೆ ಬರೆಯುವಾಗ ಮೂರು ವಿಷಯಗಳನ್ನು ಕೇಳಿಕೊಂಡರೆ ಸಾಕು. ಪೀಠಿಕೆಯಲ್ಲಿ ನಾವು ಕೇಳುವ ಪ್ರಶ್ನೆ ಮಗುವಿಗೆ ನಿಜವಾದ ತೊಡಕೇ, ಅಥವಾ ಪಾಠದ ಶೀರ್ಷಿಕೆಯನ್ನು ಹೇಳಿಸಲು ಹೂಡಿದ ಉಪಾಯವೇ? ಮಗು ಕೊಡುವ ತಪ್ಪು ಉತ್ತರವನ್ನು ಪರೀಕ್ಷಿಸಿ ನೋಡಲು ನಮ್ಮ ನಲವತ್ತು ನಿಮಿಷಗಳಲ್ಲಿ ಜಾಗವಿದೆಯೇ, ಅಥವಾ ಸರಿಯಾದ ಉತ್ತರ ಬರುವವರೆಗೆ ಮುಂದಿನವರನ್ನು ಎಬ್ಬಿಸುತ್ತ ಹೋಗುತ್ತೇವೆಯೇ? ಮೌಲ್ಯಮಾಪನದಲ್ಲಿ ಕೇಳುವ ಪ್ರಶ್ನೆ ಪಾಠದಲ್ಲಿ ಬಂದ ವಾಕ್ಯವನ್ನೇ ಮರಳಿ ಬೇಡುತ್ತದೆಯೇ, ಅಥವಾ ಮಗು ಹಿಂದೆ ಕಾಣದ ಸನ್ನಿವೇಶದಲ್ಲಿ ಆ ಅರಿವನ್ನು ಬಳಸಲು ಕೇಳುತ್ತದೆಯೇ?

ಇದೇ ಅಳತೆ ನಮ್ಮ ಬೋಧನೆಗೂ ಅನ್ವಯಿಸುತ್ತದೆ. ಪಾಠಯೋಜನೆಯೂ ಒಂದು ಪ್ರಾಕ್ಕಲ್ಪನೆ: ಹೀಗೆ ಮಾಡಿದರೆ ಈ ಮಕ್ಕಳು ಇದನ್ನು ಕಂಡುಕೊಳ್ಳುತ್ತಾರೆ ಎಂಬ ಊಹೆ. ತರಗತಿಯಲ್ಲಿ ಅದು ಪರೀಕ್ಷೆಗೆ ಒಳಪಡುತ್ತದೆ. ಊಹೆ ಕೈಕೊಟ್ಟ ಪಾಠದಿಂದಲೂ ಕಲಿಯುವುದಿದೆ, ಅದು ಎಲ್ಲಿ ಕೈಕೊಟ್ಟಿತೆಂದು ನಾವು ಗಮನಿಸಿದ್ದರೆ. ವೀಕ್ಷಣಾ ನಮೂನೆಯಲ್ಲಿ ಧ್ವನಿ, ಕರಿಹಲಗೆ ಬರಹ, ತರಗತಿ ಶಿಸ್ತುಗಳ ಕಲಂಗಳಿರುತ್ತವೆ; ಅವು ಇರಲಿ. ಅದರ ಕೆಳಗೆ ಇನ್ನೊಂದು ಸಾಲನ್ನು ಪ್ರಶಿಕ್ಷಣಾರ್ಥಿಯೂ ಮೇಲ್ವಿಚಾರಕರೂ ಸೇರಿ ಬರೆಯಬಹುದು: ಇಂದು ಯಾವ ಮಗು ಯಾವ ಹಂತದಲ್ಲಿ ನಿಜವಾಗಿ ಯೋಚಿಸುತ್ತಿತ್ತು, ಅದು ನಮಗೆ ಹೇಗೆ ಗೊತ್ತಾಯಿತು? ಈ ಸಾಲನ್ನು ತುಂಬಲು ಮಕ್ಕಳ ಮುಖಗಳನ್ನಷ್ಟೇ ಅಲ್ಲ, ಅವರ ಪ್ರಶ್ನೆಗಳನ್ನೂ ತಪ್ಪುಗಳನ್ನೂ ಹತ್ತಿರದಿಂದ ನೋಡಬೇಕಾಗುತ್ತದೆ. ಡ್ಯೂಯಿ ಅವರು ಷಿಕಾಗೊದ ಆ ಶಾಲೆಯಲ್ಲಿ ಮಾಡಲು ಹೊರಟಿದ್ದ ಕೆಲಸವೂ ಇದೇ ಆಗಿತ್ತು.